ಲೇಯರ್ ಆಫ್ ಬೇರೆ, ಫ್ರೀಜ್ ಬೇರೆ: ಕ್ಯಾಡ್ ಡ್ರಾಯಿಂಗ್‌ನಲ್ಲಿ ಬೇಕಾದ್ದನ್ನಷ್ಟೇ ಕಾಣಿಸುವುದು ಹೇಗೆ

ಕೆಲಸ ಕಲಿಯುತ್ತಿದ್ದ ಹೊಸತರಲ್ಲಿ ಒಂದು ಮನೆಯ ಪ್ಲಾನ್ ಅನ್ನು ಪೂರ್ತಿ ಪಕ್ಕಕ್ಕೆ ಸರಿಸಬೇಕಿತ್ತು. ಮೌಸ್ ಎಳೆದೆ, ತೆರೆಯ ಮೇಲಿದ್ದದ್ದೆಲ್ಲ ಸೆಲೆಕ್ಟ್ ಆಯಿತು, ಮೂವ್ ಕೊಟ್ಟೆ, ಸೇವ್ ಮಾಡಿದೆ. ಎರಡು ದಿನ ಬಿಟ್ಟು ಮರೆಮಾಡಿಟ್ಟಿದ್ದ ವಿದ್ಯುತ್ ಲೇಯರ್ (ಡ್ರಾಯಿಂಗ್‌ನ ಒಂದು ಪದರ) ತೆರೆದು ನೋಡಿದರೆ ಸ್ವಿಚ್ಚು, ಫ್ಯಾನು, ಲೈಟು ಎಲ್ಲವೂ ಹಳೆಯ ಜಾಗದಲ್ಲೇ ಇವೆ, ಗೋಡೆಯೇ ಇಲ್ಲದ ಬಯಲಿನಲ್ಲಿ. ಆ ನಡುವೆ ಇನ್ನೊಬ್ಬರು ಅದೇ ಫೈಲಿನಲ್ಲಿ ಹೊಸ ಪಾಯಿಂಟ್‌ಗಳನ್ನು ಹೊಸ ಗೋಡೆಗೆ ಸರಿಯಾಗಿ ಹಾಕಿದ್ದರು. ಯಾವುದು ಹಳೆಯದು, ಯಾವುದು ಹೊಸದು ಎಂದು ಬಿಡಿಸುವಷ್ಟರಲ್ಲಿ ಅರ್ಧ ದಿನ ಹೋಯಿತು.

ಆವತ್ತು ತಲೆಗೆ ಹತ್ತಿದ ಮಾತು ಇದು: ಕಾಣಿಸುತ್ತಿಲ್ಲ ಅಂದರೆ ಇಲ್ಲ ಅಂತಲ್ಲ. ಮರೆಮಾಡುವುದರಲ್ಲೂ ನಾಲ್ಕೈದು ಬಗೆ ಇದೆ. ಒಂದೊಂದರ ಗುಣ ಒಂದೊಂದು. ಯಾವಾಗ ಯಾವುದು ಅಂತ ಗೊತ್ತಿದ್ದರೆ ಡ್ರಾಯಿಂಗ್ ನಿಮ್ಮ ಮಾತು ಕೇಳುತ್ತದೆ. ಇಲ್ಲದಿದ್ದರೆ ಪ್ರಿಂಟ್ ತೆಗೆಯುವ ದಿನವೇ ಕೈ ಕೊಡುತ್ತದೆ.

ಇಲ್ಲಿ ಮುಖ್ಯವಾಗಿ ಆಟೋಕ್ಯಾಡ್ ಇಟ್ಟುಕೊಂಡು ಹೇಳುತ್ತೇನೆ. ಬ್ರಿಕ್ಸ್‌ಕ್ಯಾಡ್‌ನಂಥ ಸಾಫ್ಟ್‌ವೇರ್‌ಗಳಲ್ಲೂ ಹೆಚ್ಚುಕಡಿಮೆ ಇದೇ ವ್ಯವಸ್ಥೆ ಇದೆ. ಲಿಬ್ರೆಕ್ಯಾಡ್‌ನಲ್ಲಿ ಇಷ್ಟೊಂದು ಇಲ್ಲ, ಲೇಯರ್ ಪಟ್ಟಿಯಲ್ಲಿ ಕಣ್ಣು, ಬೀಗ, ಪ್ರಿಂಟರ್ ಗುರುತುಗಳಿವೆ, ಅವುಗಳಲ್ಲೇ ಬಹಳಷ್ಟು ಕೆಲಸ ಆಗುತ್ತದೆ.

ಕಂಪ್ಯೂಟರ್ ಬರುವ ಮುಂಚೆ ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬರೆಯುತ್ತಿದ್ದರು. ಗೋಡೆ ಒಂದು ಹಾಳೆ, ಪೈಪ್ ಒಂದು ಹಾಳೆ, ವೈರಿಂಗ್ ಇನ್ನೊಂದು. ಹಾಳೆ ಜರುಗದಿರಲಿ ಅಂತ ಅಂಚಿಗೆ ಪಿನ್ ಕೂಡ ಇರುತ್ತಿತ್ತು. ಬೇಡದ ಹಾಳೆ ಎತ್ತಿಟ್ಟರೆ ಆಯಿತು. ಲೇಯರ್ ಅಂದರೆ ಅದೇ ಹಾಳೆ ಅಂತ ಮೊದಮೊದಲು ಅಂದುಕೊಳ್ಳಿ, ತಪ್ಪಿಲ್ಲ. ಆದರೆ ಬ್ಲಾಕ್ (ಒಂದೇ ವಸ್ತುವಾಗಿ ಕಟ್ಟಿಟ್ಟ ಗೆರೆಗಳ ಗುಂಪು), ಎಕ್ಸ್‌ರೆಫ್ (ಜೋಡಿಸಿಕೊಂಡ ಬೇರೆ ಡ್ರಾಯಿಂಗ್ ಫೈಲ್), ವ್ಯೂಪೋರ್ಟ್ (ಪ್ರಿಂಟ್ ಹಾಳೆಯಲ್ಲಿ ಡ್ರಾಯಿಂಗ್ ತೋರಿಸುವ ಕಿಟಕಿ) ಬಂದ ಮೇಲೆ ಈ ಹೋಲಿಕೆ ಸಾಲುವುದಿಲ್ಲ. ಗೊಂದಲ ಶುರುವಾಗುವುದೂ ಅಲ್ಲೇ.

ಬಲ್ಬ್ ಮತ್ತು ಹಿಮದ ಹರಳು

ಕಮಾಂಡ್ ಲೈನಿನಲ್ಲಿ ಎಲ್, ಎ ಎರಡೇ ಅಕ್ಷರ ಒತ್ತಿ ಎಂಟರ್ ಕೊಡಿ. ಲೇಯರ್ ಪ್ರಾಪರ್ಟೀಸ್ ಮ್ಯಾನೇಜರ್ ತೆರೆಯುತ್ತದೆ. ಒಂದೊಂದು ಲೇಯರ್ ಎದುರಿಗೂ ಸಾಲಾಗಿ ಗುರುತುಗಳು. ಬಲ್ಬ್ ಅಂದರೆ ಆನ್ ಅಥವಾ ಆಫ್. ಸೂರ್ಯ ಅಂದರೆ ಥಾ (ಫ್ರೀಜ್ ಬಿಡಿಸಿದ ಸ್ಥಿತಿ), ಅದೇ ಜಾಗದಲ್ಲಿ ಹಿಮದ ಹರಳು ಬಂದರೆ ಫ್ರೀಜ್. ಬೀಗ ಅಂದರೆ ಲಾಕ್. ಪ್ರಿಂಟರ್ ಅಂದರೆ ಕಾಗದದ ಮೇಲೆ ಬರಬೇಕೋ ಬೇಡವೋ.

ಬಲ್ಬ್ ಆರಿಸಿದರೆ ಆ ಲೇಯರ್‌ನಲ್ಲಿರುವುದು ತೆರೆಯ ಮೇಲೆ ಕಾಣುವುದಿಲ್ಲ, ಪ್ರಿಂಟ್‌ನಲ್ಲೂ ಬರುವುದಿಲ್ಲ. ಆದರೆ ಸಾಫ್ಟ್‌ವೇರ್ ಅದನ್ನು ಮರೆತಿಲ್ಲ. ಡ್ರಾಯಿಂಗ್ ರೀಜನ್ ಆಗುವಾಗ, ಅಂದರೆ ತೆರೆಯ ಚಿತ್ರವನ್ನು ಹೊಸದಾಗಿ ಲೆಕ್ಕಹಾಕುವಾಗ, ಅದರ ಲೆಕ್ಕವನ್ನೂ ಹಾಕುತ್ತಲೇ ಇರುತ್ತದೆ. ಅದಕ್ಕೇ ಮತ್ತೆ ಆನ್ ಮಾಡಿದರೆ ಥಟ್ಟನೆ ಬರುತ್ತದೆ.

ಫ್ರೀಜ್ ಮಾಡಿದರೂ ಕಾಣುವುದಿಲ್ಲ, ಪ್ರಿಂಟ್ ಆಗುವುದಿಲ್ಲ. ವ್ಯತ್ಯಾಸ ಏನೆಂದರೆ ರೀಜನ್ ಲೆಕ್ಕದಿಂದಲೂ ಅದು ಹೊರಗೆ. ದೊಡ್ಡ ಫೈಲ್ ಇದ್ದಾಗ, ಅದರಲ್ಲೂ ಹ್ಯಾಚ್ (ಜಾಗ ತುಂಬುವ ಗೆರೆ ವಿನ್ಯಾಸ) ಮತ್ತು ಪೀಠೋಪಕರಣದ ಬ್ಲಾಕ್ ತುಂಬಿದ ಫೈಲ್‌ಗಳಲ್ಲಿ, ಬೇಡದ್ದನ್ನು ಫ್ರೀಜ್ ಮಾಡಿದರೆ ಕೆಲಸ ಹಗುರಾಗುತ್ತದೆ. ಥಾ ಮಾಡುವಾಗ ಮಾತ್ರ ಮತ್ತೆ ರೀಜನ್ ಆಗಬೇಕು, ಒಂದು ಕ್ಷಣ ತಡ. ಚಿಕ್ಕ ಡ್ರಾಯಿಂಗ್‌ನಲ್ಲಿ ಈ ತಡ ಗೊತ್ತೂ ಆಗುವುದಿಲ್ಲ.

ಇನ್ನೊಂದು ವ್ಯತ್ಯಾಸ: ಈಗ ಕೆಲಸ ಮಾಡುತ್ತಿರುವ ಲೇಯರ್ ಅನ್ನು, ಅಂದರೆ ಕರೆಂಟ್ ಲೇಯರ್ ಅನ್ನು, ಫ್ರೀಜ್ ಮಾಡಲು ಬಿಡುವುದಿಲ್ಲ. ಆಫ್ ಮಾಡಲು ಬಿಡುತ್ತದೆ, ಒಂದು ಎಚ್ಚರಿಕೆ ತೋರಿಸಿ. ಆ ಎಚ್ಚರಿಕೆಯನ್ನು ಓದದೆ ಸುಮ್ನೆ ಒಪ್ಪಿಬಿಟ್ಟರೆ ಕಥೆ ಮುಗಿಯಿತು. ಗೆರೆ ಎಳೆಯುತ್ತೀರಿ, ಕಾಣುವುದಿಲ್ಲ, ಮತ್ತೆ ಎಳೆಯುತ್ತೀರಿ, ಕಾಣುವುದಿಲ್ಲ. ಒಂದರ ಮೇಲೊಂದು ಐದಾರು ಗೆರೆ ಕೂತಿರುತ್ತವೆ. ಆನ್ ಮಾಡಿದಾಗ ಒಂದೇ ಗೆರೆಯಂತೆ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಇಟ್ಟುಕೊಂಡಿರುವ ನಿಯಮ ಸರಳ. ಈಗ ಕೂತ ಕೂತಲ್ಲೇ ಐದು ನಿಮಿಷಕ್ಕೆ ಮರೆಮಾಡುವುದಾದರೆ ಆಫ್. ಸೇವ್ ಮಾಡಿ ಎದ್ದು ಹೋಗುವಾಗಲೂ ಅದು ಕಾಣಬಾರದು ಅಂತಿದ್ದರೆ ಫ್ರೀಜ್. ಇದರಿಂದ ಒಂದು ಲಾಭ ಇದೆ. ಫೈಲ್ ತೆರೆದಾಗ ಆರಿದ ಬಲ್ಬ್ ಕಂಡರೆ ಅದು ಯಾರೋ ಮರೆತದ್ದು, ಹಿಮದ ಹರಳು ಕಂಡರೆ ಬೇಕೆಂದೇ ಮಾಡಿದ್ದು. ನಿಮ್ಮ ತಂಡದಲ್ಲಿ ಎಲ್ಲರೂ ಹೀಗೇ ಮಾಡಿದರೆ ಅರ್ಧ ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಸೆಲೆಕ್ಷನ್‌ನಲ್ಲಿ ಅಡಗಿರುವ ಅಪಾಯ

ಮೌಸ್ ಎಳೆದು ಸೆಲೆಕ್ಟ್ ಮಾಡಿದರೆ ಆಫ್ ಆದದ್ದೂ ಸಿಗುವುದಿಲ್ಲ, ಫ್ರೀಜ್ ಆದದ್ದೂ ಸಿಗುವುದಿಲ್ಲ. ನನಗಾದದ್ದು ಅದೇ. ಆದರೆ ಕಮಾಂಡ್ ಕೇಳಿದಾಗ 'ಆಲ್' ಎಂದು ಟೈಪ್ ಮಾಡಿದರೆ ಆಟ ಬೇರೆ. ಆಫ್ ಲೇಯರ್‌ನಲ್ಲಿರುವುದು ಸೆಲೆಕ್ಟ್ ಆಗುತ್ತದೆ, ಫ್ರೀಜ್ ಆದದ್ದು ಮತ್ತು ಲಾಕ್ ಆದದ್ದು ಆಗುವುದಿಲ್ಲ. ಅಂದರೆ ಇರೇಸ್ ಕೊಟ್ಟು ಆಲ್ ಅಂದರೆ ಕಣ್ಣಿಗೆ ಕಾಣದ ಡೈಮೆನ್ಷನ್‌ಗಳೂ (ಅಳತೆ ಗುರುತುಗಳೂ) ಅಳಿಸಿ ಹೋಗುತ್ತವೆ. ನೀವು ನೋಡಿರುವುದೇ ಇಲ್ಲ, ಹಾಗಾಗಿ ಕಳೆದದ್ದೂ ತಿಳಿಯುವುದಿಲ್ಲ. ಉಳಿಸಿಕೊಳ್ಳಬೇಕಾದದ್ದನ್ನು ಆಫ್ ಮಾಡಿ ನಂಬಬೇಡಿ, ಫ್ರೀಜ್ ಮಾಡಿ.

ಹಾಗಾದರೆ ಇಡೀ ಪ್ಲಾನ್ ಸರಿಸುವುದು ಹೇಗೆ? ಮೊದಲು ಈಗಿನ ಸ್ಥಿತಿಯನ್ನು ಒಂದು ಲೇಯರ್ ಸ್ಟೇಟ್ ಆಗಿ ಉಳಿಸಿ (ಇದರ ಬಗ್ಗೆ ಮುಂದೆ ಹೇಳುತ್ತೇನೆ). ಲೇಯರ್ ಪಟ್ಟಿಯಲ್ಲಿ ಕಂಟ್ರೋಲ್ ಜೊತೆ ಎ ಒತ್ತಿ ಎಲ್ಲ ಸಾಲುಗಳನ್ನೂ ಹಿಡಿಯಿರಿ. ಎಲ್ಲವನ್ನೂ ಆನ್ ಮಾಡಿ, ಥಾ ಮಾಡಿ, ಬೀಗ ತೆಗೆಯಿರಿ. ಒಂದು ಗುರುತು ಒತ್ತಿದರೆ ಹಿಡಿದ ಎಲ್ಲ ಸಾಲುಗಳಿಗೂ ಅನ್ವಯ ಆಗುತ್ತದೆ. ಝೂಮ್ ಎಕ್ಸ್‌ಟೆಂಟ್ಸ್ (ಇರುವುದೆಲ್ಲ ತೆರೆಯಲ್ಲಿ ಹಿಡಿಸುವ ಕಮಾಂಡ್) ಕೊಟ್ಟು ಏನೇನಿದೆ ಅಂತ ಒಮ್ಮೆ ಕಣ್ಣಾಡಿಸಿ. ಆಮೇಲೆ ಮೂವ್, ಆಲ್. ಕೊನೆಗೆ ಉಳಿಸಿದ ಲೇಯರ್ ಸ್ಟೇಟ್ ವಾಪಸ್ ತನ್ನಿ. ಲೇಔಟ್‌ಗಳು, ಅಂದರೆ ಪ್ರಿಂಟ್‌ಗೆ ಜೋಡಿಸಿದ ಹಾಳೆಗಳು, ಇದ್ದರೆ ಅವುಗಳ ವ್ಯೂಪೋರ್ಟ್‌ಗಳು ಈಗ ಖಾಲಿ ಜಾಗ ತೋರಿಸುತ್ತವೆ, ಅವನ್ನೂ ಹೊಸ ಜಾಗಕ್ಕೆ ಸರಿಪಡಿಸಬೇಕು. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ಅರ್ಧ ದಿನಕ್ಕಿಂತ ವಾಸಿ.

ಬ್ಲಾಕ್ ಒಳಗಿನ ಲೇಯರ್

"ಲೇಯರ್ ಆಫ್ ಮಾಡಿದರೂ ಬಾಗಿಲು ಹೋಗುತ್ತಿಲ್ಲ, ಸಾಫ್ಟ್‌ವೇರ್ ಹಾಳಾಗಿದೆ" ಅಂತ ಹೇಳುವವರನ್ನು ಎಷ್ಟೋ ಸಲ ನೋಡಿದ್ದೇನೆ. ಸಾಫ್ಟ್‌ವೇರ್ ಸರಿಯಾಗೇ ಇದೆ. ಬ್ಲಾಕ್‌ಗೆ ಎರಡು ಕಡೆ ಲೇಯರ್ ಇರುತ್ತದೆ, ಅಷ್ಟೇ. ಬ್ಲಾಕ್ ಒಳಗಿನ ಒಂದೊಂದು ಗೆರೆಗೂ ಅದರದ್ದೇ ಲೇಯರ್ ಇರುತ್ತದೆ. ಆ ಬ್ಲಾಕನ್ನು ಡ್ರಾಯಿಂಗ್‌ಗೆ ತಂದು ಇಟ್ಟಾಗ, ಇಟ್ಟ ಲೇಯರ್ ಇನ್ನೊಂದು.

ಒಂದು ಬಾಗಿಲಿನ ಬ್ಲಾಕ್ ತೆಗೆದುಕೊಳ್ಳಿ. ಚೌಕಟ್ಟಿನ ಗೆರೆಗಳು ಲೇಯರ್ 0 ಯಲ್ಲಿವೆ. ಬಾಗಿಲು ತೆರೆಯುವ ಕಮಾನು ಗೆರೆ 'ಸ್ವಿಂಗ್' ಎಂಬ ಲೇಯರ್‌ನಲ್ಲಿದೆ. ಬ್ಲಾಕನ್ನು ತಂದು 'ಡೋರ್' ಲೇಯರ್ ಮೇಲೆ ಇಟ್ಟಿದ್ದೀರಿ.

ಈಗ ಡೋರ್ ಲೇಯರ್ ಆಫ್ ಮಾಡಿ. ಚೌಕಟ್ಟು ಮಾಯ, ಕಮಾನು ಹಾಗೇ ನಿಂತಿರುತ್ತದೆ. ಯಾಕೆಂದರೆ ಬ್ಲಾಕ್ ಒಳಗೆ 0 ಯಲ್ಲಿರುವುದು ಬ್ಲಾಕನ್ನು ಇಟ್ಟ ಲೇಯರ್‌ನ ಗುಣವನ್ನೇ ಹಾಕಿಕೊಳ್ಳುತ್ತದೆ, ಬೇರೆ ಲೇಯರ್‌ನಲ್ಲಿರುವುದು ತನ್ನ ಲೇಯರ್‌ನ ಮಾತನ್ನೇ ಕೇಳುತ್ತದೆ. ಈಗ ಡೋರ್ ಆನ್ ಮಾಡಿ, ಅದರ ಬದಲು ಫ್ರೀಜ್ ಮಾಡಿ ನೋಡಿ. ಕಮಾನು ಸಮೇತ ಇಡೀ ಬ್ಲಾಕ್ ಹೋಗುತ್ತದೆ. ಬ್ಲಾಕ್ ಇಟ್ಟ ಲೇಯರ್ ಫ್ರೀಜ್ ಆದರೆ ಒಳಗಿರುವುದು ಯಾವ ಲೇಯರ್‌ನಲ್ಲಿದ್ದರೂ ಲೆಕ್ಕಕ್ಕಿಲ್ಲ. ಇನ್ನು ಡೋರ್ ಹಾಗೇ ಬಿಟ್ಟು ಸ್ವಿಂಗ್ ಮಾತ್ರ ಫ್ರೀಜ್ ಮಾಡಿದರೆ ಎಲ್ಲ ಬಾಗಿಲುಗಳ ಕಮಾನು ಮಾತ್ರ ಹೋಗಿ ಚೌಕಟ್ಟು ಉಳಿಯುತ್ತದೆ. ಸೀಲಿಂಗ್ ಪ್ಲಾನ್‌ನಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಈ ಮೂರನ್ನೂ ಒಂದು ಖಾಲಿ ಫೈಲಿನಲ್ಲಿ ನೀವೇ ಮಾಡಿ ನೋಡಿ. ಹತ್ತು ನಿಮಿಷದ ಕೆಲಸ. ಓದಿ ತಿಳಿಯುವುದಕ್ಕಿಂತ ಕಣ್ಣಾರೆ ಕಂಡರೆ ಮರೆಯುವುದಿಲ್ಲ.

ಇದರಿಂದ ಬರುವ ಅಭ್ಯಾಸ: ಬ್ಲಾಕ್ ಮಾಡುವಾಗ ಒಳಗಿನ ಗೆರೆಗಳನ್ನು 0 ಯಲ್ಲೇ ಇಡಿ, ಬೇರೆಯಾಗಿ ಮರೆಮಾಡಬೇಕಾದ ಭಾಗ ಇದ್ದರೆ ಮಾತ್ರ ಅದಕ್ಕೆ ಬೇರೆ ಲೇಯರ್ ಕೊಡಿ. ಬ್ಲಾಕ್ ಹೊರಗೆ, ನೇರವಾಗಿ 0 ಯ ಮೇಲೆ ಏನನ್ನೂ ಬರೆಯಬೇಡಿ. 0 ಯನ್ನು ಅಳಿಸಲೂ ಆಗುವುದಿಲ್ಲ, ಹೆಸರು ಬದಲಿಸಲೂ ಆಗುವುದಿಲ್ಲ, ಅಲ್ಲಿ ಬಿದ್ದ ಗೋಡೆ, ಅಕ್ಷರ, ಪೈಪು ಎಲ್ಲವನ್ನೂ ಆಮೇಲೆ ಬೇರ್ಪಡಿಸುವ ಹೊತ್ತಿಗೆ ಸಾಕುಬೇಕಾಗುತ್ತದೆ.

ಮರೆಮಾಡದೆ ದೂರ ಇಡುವುದು

ಎಷ್ಟೋ ಸಲ ಮರೆಮಾಡುವ ಅಗತ್ಯವೇ ಇರುವುದಿಲ್ಲ. ಗೋಡೆ ಕಾಣುತ್ತಿರಬೇಕು, ಅದರ ಮೂಲೆಗೆ ಸ್ನ್ಯಾಪ್ ಆಗಬೇಕು (ಕರ್ಸರ್ ನಿಖರವಾಗಿ ಅಂಟಬೇಕು), ಆದರೆ ಕೈತಪ್ಪಿ ಅದು ಅಳಿಯಬಾರದು. ಅದಕ್ಕೆ ಲಾಕ್. ಲಾಕ್ ಆದ ಲೇಯರ್ ಸ್ವಲ್ಪ ಮಸುಕಾಗಿ ಕಾಣುತ್ತದೆ. ಎಷ್ಟು ಮಸುಕು ಅನ್ನುವುದನ್ನು ರಿಬ್ಬನ್‌ನ ಲೇಯರ್ಸ್ ಪ್ಯಾನೆಲ್ ಅನ್ನು ಕೆಳಕ್ಕೆ ಬಿಡಿಸಿದರೆ ಸಿಗುವ ಫೇಡಿಂಗ್ ಪಟ್ಟಿಯಲ್ಲಿ ಬದಲಿಸಬಹುದು. ಮೊದಲಿಗೆ 50 ಇರುತ್ತದೆ, 90ರ ತನಕ ಏರಿಸಬಹುದು. ಈ ಮಸುಕು ತೆರೆಯ ಮೇಲಷ್ಟೇ, ಪ್ರಿಂಟ್‌ಗೆ ಬರುವುದಿಲ್ಲ. ಲಾಕ್ ಲೇಯರ್ ಮೇಲೆ ಹೊಸದಾಗಿ ಬರೆಯಲು ಆಗುತ್ತದೆ ಅನ್ನುವುದು ನೆನಪಿರಲಿ. ಬರೆದದ್ದನ್ನು ಆಮೇಲೆ ತಿದ್ದಲು ಆಗುವುದಿಲ್ಲ, ಅಷ್ಟೇ.

ವಿದ್ಯುತ್ ಪ್ಲಾನ್ ಮಾಡುವಾಗ ನಾನು ಗೋಡೆ, ಬಾಗಿಲು, ಪೀಠೋಪಕರಣ ಮೂರನ್ನೂ ಲಾಕ್ ಮಾಡಿಯೇ ಶುರು ಮಾಡುತ್ತೇನೆ.

ಪ್ರಿಂಟರ್ ಗುರುತು ಇದಕ್ಕೆ ತದ್ವಿರುದ್ಧ ಅಗತ್ಯಕ್ಕೆ. ತೆರೆಯ ಮೇಲೆ ಬೇಕು, ಕಾಗದದ ಮೇಲೆ ಬೇಡ. ಅಳತೆಗೆ ಎಳೆದ ಸಹಾಯಕ ಗೆರೆ, ತಂಡದವರಿಗೆ ಬರೆದ ಟಿಪ್ಪಣಿ, ಲೇಔಟ್‌ನಲ್ಲಿ ವ್ಯೂಪೋರ್ಟ್‌ನ ಚೌಕದ ಗೆರೆ, ಇವಕ್ಕೆಲ್ಲ ಒಂದೊಂದು ಲೇಯರ್ ಮಾಡಿ ಪ್ರಿಂಟರ್ ಗುರುತಿಗೆ ಅಡ್ಡಗೆರೆ ಬರುವಂತೆ ಒತ್ತಿ. ಕೆಲವರು ಇದಕ್ಕೆ ಡೆಫ್‌ಪಾಯಿಂಟ್ಸ್ ಲೇಯರ್ ಬಳಸುತ್ತಾರೆ. ಡೈಮೆನ್ಷನ್ ಹಾಕಿದಾಗ ಸಾಫ್ಟ್‌ವೇರ್ ತಾನೇ ಮಾಡಿಕೊಳ್ಳುವ ಲೇಯರ್ ಅದು, ಪ್ರಿಂಟ್ ಆಗುವುದಿಲ್ಲ. ಕೆಲಸ ಆಗುತ್ತದೆ, ಒಪ್ಪುತ್ತೇನೆ. ಆದರೆ ನಾಳೆ ಯಾರೋ ಒಬ್ಬರು ಆ ಲೇಯರ್ ಕರೆಂಟ್ ಆಗಿರುವಾಗಲೇ ಒಂದು ಗೋಡೆ ಬರೆದುಬಿಟ್ಟರೆ ತೆರೆಯಲ್ಲಿ ಇರುವ ಗೋಡೆ ಕಾಗದದಲ್ಲಿ ಇರುವುದಿಲ್ಲ. ನಿಮ್ಮದೇ ಲೇಯರ್ ಮಾಡಿ, 'ನೋ ಪ್ಲಾಟ್' ಅಂತ ಹೆಸರಲ್ಲೇ ಹೇಳಿ. ಓದಿದವರಿಗೆ ಗೊತ್ತಾಗುತ್ತದೆ.

ಒಂದೇ ಮಾಡೆಲ್, ಹಲವು ಹಾಳೆ

ಇಡೀ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಎಷ್ಟೋ ಜನ ಪೀಠೋಪಕರಣದ ಪ್ಲಾನ್‌ಗೆ ಒಂದು ಕಾಪಿ, ವಿದ್ಯುತ್ ಪ್ಲಾನ್‌ಗೆ ಒಂದು ಕಾಪಿ, ಸೀಲಿಂಗ್‌ಗೆ ಮತ್ತೊಂದು ಕಾಪಿ ಅಂತ ಅದೇ ಪ್ಲಾನ್ ಅನ್ನು ಮಾಡೆಲ್ ಸ್ಪೇಸ್‌ನಲ್ಲಿ (ಡ್ರಾಯಿಂಗ್ ಬರೆಯುವ ಜಾಗದಲ್ಲಿ) ಸಾಲಾಗಿ ಜೋಡಿಸಿಡುತ್ತಾರೆ. ಒಂದು ಗೋಡೆ ಬದಲಾದರೆ ಮೂರು ಕಡೆ ಬದಲಿಸಬೇಕು, ಎರಡು ಕಡೆ ಬದಲಿಸಿ ಮೂರನೆಯದು ಮರೆತುಹೋಗುತ್ತದೆ, ಕಟ್ಟುವವರ ಕೈಗೆ ಹೋದ ಎರಡು ಹಾಳೆಗಳು ಎರಡು ಮಾತು ಹೇಳುತ್ತವೆ. ದಯವಿಟ್ಟು ಹೀಗೆ ಮಾಡಬೇಡಿ. ಮಾಡೆಲ್ ಒಂದೇ ಇರಲಿ. ಹಾಳೆಗಳು ಎಷ್ಟಾದರೂ ಇರಲಿ.

ಮಾಡುವುದು ಹೀಗೆ. ಒಂದೊಂದು ಹಾಳೆಗೂ ಒಂದು ಲೇಔಟ್, ಅದರಲ್ಲಿ ಒಂದು ವ್ಯೂಪೋರ್ಟ್. ವಿದ್ಯುತ್ ಹಾಳೆಯ ವ್ಯೂಪೋರ್ಟ್ ಒಳಗೆ ಡಬಲ್ ಕ್ಲಿಕ್ ಮಾಡಿ, ಚೌಕದ ಗೆರೆ ದಪ್ಪಗಾಗುತ್ತದೆ. ಈಗ ಲೇಯರ್ ಮ್ಯಾನೇಜರ್ ತೆರೆಯಿರಿ. ಲೇಔಟ್‌ನಲ್ಲಿದ್ದಾಗ ಮಾತ್ರ ಬಲಗಡೆ ಕೆಲವು ಹೊಸ ಕಾಲಂಗಳು ಕಾಣುತ್ತವೆ, ಅವುಗಳಲ್ಲಿ ಒಂದು ವಿಪಿ ಫ್ರೀಜ್. ಪೀಠೋಪಕರಣ, ಹ್ಯಾಚ್, ನೆಲದ ಟೈಲ್ಸ್ ಲೇಯರ್‌ಗಳಿಗೆ ಆ ಕಾಲಂನಲ್ಲಿ ಒತ್ತಿ. ಈ ಒಂದು ವ್ಯೂಪೋರ್ಟ್‌ನಲ್ಲಿ ಮಾತ್ರ ಅವು ಮಾಯ. ಬೇರೆ ಹಾಳೆಗಳಲ್ಲಿ, ಮಾಡೆಲ್‌ನಲ್ಲಿ ಹಾಗೇ ಇರುತ್ತವೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ವಿಪಿ ಫ್ರೀಜ್ ಬದಲು ಎಡಗಡೆಯ ಮಾಮೂಲಿ ಫ್ರೀಜ್ ಒತ್ತಿಬಿಡುತ್ತಾರೆ. ಆಗ ಈ ಹಾಳೆ ಸರಿಯಾಗುತ್ತದೆ, ಉಳಿದೆಲ್ಲ ಹಾಳೆಗಳಲ್ಲೂ ಪೀಠೋಪಕರಣ ಕಾಣೆಯಾಗುತ್ತದೆ. ಆ ಹಾಳೆಗಳನ್ನು ತೆರೆಯುವವರೆಗೆ ತಿಳಿಯುವುದೂ ಇಲ್ಲ. ಹಾಗಾಗಿ ಲೇಔಟ್‌ನಲ್ಲಿ ಒಂದು ಲೇಯರ್ ಮರೆಮಾಡಿದ ಕೂಡಲೇ ಪಕ್ಕದ ಲೇಔಟ್‌ಗೆ ಒಮ್ಮೆ ಹೋಗಿ ನೋಡಿ ಬನ್ನಿ.

ಪಟ್ಟಿ ಹುಡುಕುವ ಬದಲು ಗೆರೆಯನ್ನೇ ಮುಟ್ಟಿ ಫ್ರೀಜ್ ಮಾಡುವ ಕಮಾಂಡ್ ಇದೆ. ಎಲ್, ಎ, ವೈ, ಅದಕ್ಕೆ ಎಫ್, ಆರ್, ಜೆಡ್ ಸೇರಿಸಿ ಟೈಪ್ ಮಾಡಿ, ಬೇಡದ್ದನ್ನು ಮುಟ್ಟುತ್ತಾ ಹೋಗಿ. ವ್ಯೂಪೋರ್ಟ್ ಒಳಗಿದ್ದಾಗ ಇದರ ಸೆಟ್ಟಿಂಗ್ಸ್‌ನಲ್ಲಿ ಈ ವ್ಯೂಪೋರ್ಟ್‌ಗೆ ಮಾತ್ರವೋ ಇಡೀ ಡ್ರಾಯಿಂಗ್‌ಗೋ ಅಂತ ಆರಿಸಬಹುದು, ಒಮ್ಮೆ ನೋಡಿಕೊಳ್ಳಿ.

ಒಂದು ಹಾಳೆಗೆ ಮಾತ್ರ ಸೇರಿದ ಲೇಯರ್‌ಗಳೂ ಇರುತ್ತವೆ. ಆ ಹಾಳೆಯ ಟಿಪ್ಪಣಿ, ಆ ಹಾಳೆಯ ಡೈಮೆನ್ಷನ್. ಇದಕ್ಕೆ ಎಲ್, ಎ, ವೈ, ವಿ, ಪಿ, ಐ ಎಂಬ ಕಮಾಂಡ್. ಗೆರೆಯನ್ನು ಮುಟ್ಟಿದರೆ ಅದರ ಲೇಯರ್ ಈ ವ್ಯೂಪೋರ್ಟ್ ಬಿಟ್ಟು ಉಳಿದೆಲ್ಲ ವ್ಯೂಪೋರ್ಟ್‌ಗಳಲ್ಲೂ ಫ್ರೀಜ್ ಆಗುತ್ತದೆ. ಇಪ್ಪತ್ತು ಹಾಳೆಯ ಸೆಟ್‌ನಲ್ಲಿ ಇದು ದೇವರು ಕೊಟ್ಟ ವರ. ಇನ್ನು 'ನ್ಯೂ ವಿಪಿ ಫ್ರೀಜ್' ಕಾಲಂ ಒತ್ತಿಟ್ಟರೆ ಮುಂದೆ ಮಾಡುವ ಹೊಸ ವ್ಯೂಪೋರ್ಟ್‌ಗಳಲ್ಲಿ ಆ ಲೇಯರ್ ಹುಟ್ಟುತ್ತಲೇ ಫ್ರೀಜ್ ಆಗಿರುತ್ತದೆ.

ಪೂರ್ತಿ ಮರೆಮಾಡುವ ಬದಲು ಒಂದು ಹಾಳೆಯಲ್ಲಿ ಮಾತ್ರ ಬಣ್ಣ ಬದಲಿಸಲೂ ಆಗುತ್ತದೆ. ವಿಪಿ ಕಲರ್ ಕಾಲಂನಲ್ಲಿ ಗೋಡೆಗೆ ಬೂದು ಬಣ್ಣ ಕೊಡಿ. ವಿದ್ಯುತ್ ಹಾಳೆಯಲ್ಲಿ ಗೋಡೆ ಹಿಂದೆ ಸರಿದು ಸ್ವಿಚ್, ಲೈಟ್ ಮುಂದೆ ಬರುತ್ತವೆ. ಹಾಳೆ ಓದುವವರ ಕಣ್ಣಿಗೆ ಎಷ್ಟು ಹಿತ ಅಂತ ಒಮ್ಮೆ ಮಾಡಿ ನೋಡಿ.

ಎಲ್ಲ ಮುಗಿದ ಮೇಲೆ ವ್ಯೂಪೋರ್ಟ್‌ನ ಡಿಸ್‌ಪ್ಲೇ ಲಾಕ್ ಮಾಡಿ. ಇಲ್ಲದಿದ್ದರೆ ಒಳಗೆ ಝೂಮ್ ಮಾಡಿದಾಗ ಸ್ಕೇಲ್ ಹಾಳಾಗುತ್ತದೆ.

ಎಕ್ಸ್‌ರೆಫ್

ಬೇರೆಯವರ ಫೈಲನ್ನು ಎಕ್ಸ್‌ರೆಫ್ ಆಗಿ ತಂದಾಗ ಅದರ ಲೇಯರ್‌ಗಳು ನಿಮ್ಮ ಪಟ್ಟಿಗೆ ಬರುತ್ತವೆ. ಫೈಲಿನ ಹೆಸರು, ನಡುವೆ ಒಂದು ನೆಟ್ಟಗೆರೆ, ಆಮೇಲೆ ಲೇಯರ್ ಹೆಸರು. ಅವನ್ನು ಆಫ್ ಮಾಡಬಹುದು, ಫ್ರೀಜ್ ಮಾಡಬಹುದು, ಮೂಲ ಫೈಲ್‌ಗೆ ಏನೂ ಆಗುವುದಿಲ್ಲ.

ವಿಸ್‌ರಿಟೇನ್ ಎಂಬ ಸಿಸ್ಟಂ ವೇರಿಯಬಲ್ (ಸಾಫ್ಟ್‌ವೇರ್‌ನ ಒಳಗಿನ ಒಂದು ಸೆಟ್ಟಿಂಗ್) ಒಂದಿದೆ. ಅದು 1 ಆಗಿದ್ದರೆ ನೀವು ಮಾಡಿದ ಬದಲಾವಣೆ ನಿಮ್ಮ ಫೈಲಿನಲ್ಲಿ ಉಳಿಯುತ್ತದೆ. 0 ಆಗಿದ್ದರೆ ಎಕ್ಸ್‌ರೆಫ್ ರೀಲೋಡ್ ಆದಾಗಲೆಲ್ಲ ಮೂಲ ಫೈಲ್‌ನ ಸ್ಥಿತಿಗೇ ಮರಳುತ್ತದೆ. "ನಿನ್ನೆ ಫ್ರೀಜ್ ಮಾಡಿದ್ದೆ, ಇವತ್ತು ಮತ್ತೆ ಬಂದಿದೆ" ಅಂದರೆ ಮೊದಲು ಇದನ್ನೇ ನೋಡಿ. 1 ಆಗಿದ್ದರೂ ಒಂದು ಕಂಡಿ ಉಳಿಯುತ್ತದೆ: ಆ ಕಡೆಯವರು ತಮ್ಮ ಫೈಲಿನಲ್ಲಿ ಹೊಸ ಲೇಯರ್ ಸೇರಿಸಿದರೆ ಅದು ನಿಮ್ಮ ಹಾಳೆಗಳಲ್ಲಿ ಕಾಣಿಸಿಕೊಳ್ಳುತ್ತದೆ, ಅದನ್ನು ಫ್ರೀಜ್ ಮಾಡಲು ನಿಮಗೆ ಅವಕಾಶವೇ ಸಿಕ್ಕಿರುವುದಿಲ್ಲ ಅಲ್ವಾ. ಪ್ರಿಂಟ್‌ಗೆ ಮುಂಚೆ ಎಕ್ಸ್‌ರೆಫ್ ರೀಲೋಡ್ ಮಾಡಿ ಒಂದೊಂದು ಹಾಳೆಯನ್ನೂ ನೋಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಬೇಗ ಕೆಲಸ ಮಾಡಲು ಕೆಲವು ಕಮಾಂಡ್

ಎಲ್, ಎ, ವೈ ಅಕ್ಷರಗಳಿಂದ ಶುರುವಾಗುವ ಒಂದು ದೊಡ್ಡ ಕುಟುಂಬವೇ ಇದೆ. ಮುಂದೆ ಆಫ್ ಸೇರಿಸಿದರೆ ಮುಟ್ಟಿದ ಗೆರೆಯ ಲೇಯರ್ ಆರುತ್ತದೆ. ಆನ್ ಸೇರಿಸಿದರೆ ಆರಿದ್ದ ಎಲ್ಲ ಲೇಯರ್‌ಗಳೂ ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಟಿ, ಎಚ್, ಡಬ್ಲ್ಯು ಸೇರಿಸಿದರೆ ಫ್ರೀಜ್ ಆದ ಎಲ್ಲವೂ ಥಾ. ವ್ಯೂಪೋರ್ಟ್‌ನಲ್ಲಿ ಬೇರೆಯಾಗಿ ಫ್ರೀಜ್ ಮಾಡಿದ್ದಕ್ಕೆ ಇದು ತಟ್ಟುವುದಿಲ್ಲ.

ನಾನು ದಿನಕ್ಕೆ ಹತ್ತು ಸಲ ಬಳಸುವುದು ಲೇಐಸೋ. ಬೇಕಾದ ಒಂದೆರಡು ಗೆರೆ ಮುಟ್ಟಿ ಎಂಟರ್ ಕೊಟ್ಟರೆ ಅವುಗಳ ಲೇಯರ್ ಬಿಟ್ಟು ಉಳಿದದ್ದೆಲ್ಲ ಲಾಕ್ ಆಗಿ ಮಸುಕಾಗುತ್ತದೆ. ಮಸುಕು ಬೇಡ, ಪೂರ್ತಿ ಹೋಗಲಿ ಅಂದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಆಫ್ ಆರಿಸಿ. ಕೆಲಸ ಮುಗಿದಾಗ ನಡುವೆ ಯು, ಎನ್ ಸೇರಿಸಿ ಲೇಅನ್‌ಐಸೋ ಕೊಟ್ಟರೆ ಎಲ್ಲ ಮೊದಲಿನಂತೆ.

ಬೇರೆಯವರು ಮಾಡಿದ, ಇನ್ನೂರು ಲೇಯರ್ ಇರುವ, ಹೆಸರು ನೋಡಿ ಏನೂ ತಿಳಿಯದ ಫೈಲ್ ಬಂದರೆ ಲೇವಾಕ್ ಕಮಾಂಡ್ ಕೊಡಿ. ಒಂದು ಪಟ್ಟಿ ಬರುತ್ತದೆ. ಒಂದೊಂದೇ ಹೆಸರು ಒತ್ತುತ್ತಾ ಹೋದರೆ ಆ ಲೇಯರ್ ಮಾತ್ರ ತೆರೆಯ ಮೇಲೆ ಇರುತ್ತದೆ. ಕೆಳಗಿನ 'ರೀಸ್ಟೋರ್ ಆನ್ ಎಕ್ಸಿಟ್' ಗುರುತು ಇದ್ದರೆ ಮುಚ್ಚಿದಾಗ ಎಲ್ಲ ಯಥಾಸ್ಥಿತಿ. ಹೊಸ ಫೈಲನ್ನು ಪರಿಚಯ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ತಪ್ಪಾಗಿ ಏನೋ ಮರೆಮಾಡಿದಿರಿ, ಆದರೆ ಆಮೇಲೆ ನಾಲ್ಕು ಗೆರೆ ಬರೆದೂ ಆಗಿದೆ. ಅನ್‌ಡೂ ಮಾಡಿದರೆ ಗೆರೆಗಳೂ ಹೋಗುತ್ತವೆ. ಲೇಯರ್‌ಪಿ ಕೊಡಿ, ಅಂದರೆ ಲೇಯರ್ ಪ್ರೀವಿಯಸ್. ಲೇಯರ್ ಬದಲಾವಣೆ ಮಾತ್ರ ಹಿಂದಕ್ಕೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಹೆಸರು ಬದಲಿಸಿದ್ದು, ಅಳಿಸಿದ್ದು ಮಾತ್ರ ಇದರಿಂದ ವಾಪಸ್ ಬರುವುದಿಲ್ಲ.

ಮತ್ತೆ ಮತ್ತೆ ಬೇಕಾಗುವ ಜೋಡಣೆಗೆ ಲೇಯರ್ ಸ್ಟೇಟ್. ಎಲ್, ಎ, ಎಸ್ ಒತ್ತಿ, ನ್ಯೂ ಕೊಟ್ಟು ಒಂದು ಹೆಸರಿಡಿ. ಯಾವ ಲೇಯರ್ ಆನ್, ಯಾವುದು ಫ್ರೀಜ್, ಯಾವುದಕ್ಕೆ ಬೀಗ, ಯಾವ ಬಣ್ಣ, ಎಲ್ಲವೂ ಆ ಹೆಸರಿನಲ್ಲಿ ಕೂರುತ್ತದೆ. ರೀಸ್ಟೋರ್ ಕೊಟ್ಟರೆ ಹಾಗೇ ವಾಪಸ್. ವಾಪಸ್ ತರುವಾಗ ಬಣ್ಣ ಬೇಡ, ಆನ್ ಆಫ್ ಮಾತ್ರ ಸಾಕು ಅಂತಲೂ ಆರಿಸಬಹುದು. ಎಕ್ಸ್‌ಪೋರ್ಟ್ ಮಾಡಿ ಬೇರೆ ಡ್ರಾಯಿಂಗ್‌ಗೂ ಒಯ್ಯಬಹುದು.

ಇದೆಲ್ಲ ಸಲೀಸಾಗಬೇಕಾದರೆ ಹೆಸರುಗಳು ಕ್ರಮದಲ್ಲಿರಬೇಕು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಎಐಎ 1990ರಲ್ಲಿ ಲೇಯರ್ ಹೆಸರುಗಳಿಗೆ ಒಂದು ಮಾರ್ಗಸೂಚಿ ತಂದಿತು, ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13567 ಬಂದದ್ದು 1998ರಲ್ಲಿ. ಎಐಎ ಪದ್ಧತಿಯಲ್ಲಿ ಮೊದಲ ಅಕ್ಷರವೇ ವಿಭಾಗ ಹೇಳುತ್ತದೆ: ಎ ಅಂದರೆ ವಾಸ್ತು, ಎಸ್ ಅಂದರೆ ಸ್ಟ್ರಕ್ಚರ್, ಇ ಅಂದರೆ ವಿದ್ಯುತ್. ನೀವು ಅದನ್ನೇ ಪಾಲಿಸಬೇಕೆಂದಿಲ್ಲ. ಮೊದಲ ಅಕ್ಷರದ ಉಪಾಯ ಮಾತ್ರ ತೆಗೆದುಕೊಳ್ಳಿ. ಲೇಯರ್ ಮ್ಯಾನೇಜರ್‌ನಲ್ಲಿ ಇ, ಅಡ್ಡಗೆರೆ, ನಕ್ಷತ್ರ ಅಂತ ಒಂದು ಫಿಲ್ಟರ್ ಮಾಡಿಟ್ಟರೆ ವಿದ್ಯುತ್ ಲೇಯರ್‌ಗಳೆಲ್ಲ ಒಂದೇ ಗುಂಪು. ಆ ಫಿಲ್ಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಇಡೀ ಗುಂಪನ್ನೇ ಫ್ರೀಜ್ ಮಾಡಬಹುದು.

ಕಾಣಿಸುತ್ತಿಲ್ಲ, ಏನು ಮಾಡಲಿ?

ಮೊದಲು ಬಲ್ಬ್ ಮತ್ತು ಹರಳು ನೋಡಿ. ಮಾಡೆಲ್‌ನಲ್ಲಿ ಕಂಡು ಲೇಔಟ್‌ನಲ್ಲಿ ಕಾಣದಿದ್ದರೆ ವಿಪಿ ಫ್ರೀಜ್. ಬ್ಲಾಕ್ ಆಗಿದ್ದರೆ ಅದನ್ನು ಇಟ್ಟ ಲೇಯರ್ ಫ್ರೀಜ್ ಆಗಿದೆಯೇ ನೋಡಿ. ಎಕ್ಸ್‌ರೆಫ್‌ಗೂ ಇದೇ ಮಾತು, ಅದನ್ನು ಇಟ್ಟ ಲೇಯರ್ ಫ್ರೀಜ್ ಆದರೆ ಇಡೀ ಫೈಲ್ ಮಾಯ. ತೆರೆಯಲ್ಲಿ ಇದ್ದು ಕಾಗದದಲ್ಲಿ ಇಲ್ಲ ಅಂದರೆ ಪ್ರಿಂಟರ್ ಗುರುತು ಅಥವಾ ಡೆಫ್‌ಪಾಯಿಂಟ್ಸ್. ಹ್ಯಾಚ್‌ಗಳೆಲ್ಲ ಒಟ್ಟಿಗೇ ಹೋಗಿದ್ದರೆ ಫಿಲ್‌ಮೋಡ್ ಎಂಬ ಸಿಸ್ಟಂ ವೇರಿಯಬಲ್ 0 ಆಗಿರಬಹುದು, 1 ಮಾಡಿ ರೀಜನ್ ಕೊಡಿ.

ಲೇಯರ್ ಎಲ್ಲ ಸರಿಯಿದ್ದೂ ಕಾಣದಿದ್ದರೆ ಯಾರೋ ಆ ವಸ್ತುವನ್ನೇ ಹೈಡ್ ಮಾಡಿರುತ್ತಾರೆ. ಐಸೊಲೇಟ್ ಆಬ್ಜೆಕ್ಟ್ಸ್, ಹೈಡ್ ಆಬ್ಜೆಕ್ಟ್ಸ್ ಎಂಬ ಕಮಾಂಡ್‌ಗಳು ಲೇಯರ್ ಗೊಡವೆಯೇ ಇಲ್ಲದೆ ಒಂದೊಂದು ವಸ್ತುವನ್ನು ಮರೆಮಾಡುತ್ತವೆ. ರೈಟ್ ಕ್ಲಿಕ್ ಮಾಡಿ, ಐಸೊಲೇಟ್ ಅನ್ನುವಲ್ಲಿ 'ಎಂಡ್ ಆಬ್ಜೆಕ್ಟ್ ಐಸೊಲೇಷನ್' ಕೊಡಿ.

ಫೈಲ್ ಕಳಿಸುವ ಮುಂಚೆ

ಬೇರೆಯವರಿಗೆ ಡ್ರಾಯಿಂಗ್ ಕಳಿಸುವಾಗ ನಾನು ಒಂದು ಕಾಪಿ ತೆಗೆದು, ಈಗಿನ ಸ್ಥಿತಿಯನ್ನು ಲೇಯರ್ ಸ್ಟೇಟ್ ಆಗಿ ಉಳಿಸಿ, ಅದರಲ್ಲಿ ಎಲ್ಲ ಲೇಯರ್‌ಗಳನ್ನೂ ಆನ್ ಮಾಡಿ, ಥಾ ಮಾಡಿ, ಝೂಮ್ ಎಕ್ಸ್‌ಟೆಂಟ್ಸ್ ಕೊಟ್ಟು ನೋಡುತ್ತೇನೆ. ಯಾವಾಗಲೂ ಏನಾದರೂ ಸಿಗುತ್ತದೆ. ಕೈಬಿಟ್ಟ ಮೆಟ್ಟಿಲು, ಮೊದಲ ಸುತ್ತಿನ ಅಡುಗೆಮನೆ, ದೂರದ ಮೂಲೆಯಲ್ಲಿ ಬಿದ್ದ ಒಂದು ಅಕ್ಷರ. ಫ್ರೀಜ್ ಮಾಡಿ ಬಿಟ್ಟರೆ ಸಾಕು ಅನಿಸುತ್ತದೆ. ಆದರೆ ಅವರು ತಮ್ಮ ಕೆಲಸಕ್ಕೆ ಎಲ್ಲವನ್ನೂ ಥಾ ಮಾಡುತ್ತಾರೆ, ಆಗ ಎರಡು ಮೆಟ್ಟಿಲು ಕಾಣುತ್ತವೆ, ಯಾವುದು ನಿಜ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಕೈಬಿಟ್ಟದ್ದನ್ನೆಲ್ಲ ಬೇರೆ ಫೈಲಿಗೆ ತೆಗೆದಿಡಿ. ಕಳಿಸುವ ಕಾಪಿಯಿಂದ ಆ ಲೇಯರ್‌ಗಳನ್ನು ಎಲ್, ಎ, ವೈ ಮುಂದೆ ಡೆಲ್ ಸೇರಿಸಿ ಪೂರ್ತಿ ಅಳಿಸಿ. ಇದು ಬ್ಲಾಕ್ ಒಳಗೆ ಆ ಲೇಯರ್‌ನಲ್ಲಿರುವ ಗೆರೆಗಳನ್ನೂ ತೆಗೆದುಹಾಕುತ್ತದೆ, ಆದ್ದರಿಂದ ಮೂಲ ಫೈಲಿನಲ್ಲಿ ಯಾವತ್ತೂ ಇದನ್ನು ಮಾಡಬೇಡಿ. ಕೊನೆಗೆ ಪರ್ಜ್ (ಬಳಕೆಯಲ್ಲಿಲ್ಲದ್ದನ್ನು ತೆಗೆಯುವ ಕಮಾಂಡ್) ಕೊಟ್ಟು, ಲೇಯರ್ ಸ್ಟೇಟ್ ರೀಸ್ಟೋರ್ ಮಾಡಿ, ಒಂದೊಂದು ಲೇಔಟ್ ತೆರೆದು ನೋಡಿ, ಸೇವ್ ಮಾಡಿ ಕಳಿಸಿ.